ಮೂರನೇ ಡಿಸ್ಕ್ ಯಾರ ಮನೆಯಲ್ಲಿದೆ?

ಘಣಸೋಲಿಯ ನಮ್ಮ ಕಟ್ಟಡದಲ್ಲಿ ಪಾರಿವಾಳಗಳ ಕಾಟ ಹೇಳತೀರದು. ದುಡ್ಡು ಕೊಟ್ಟು ಬಾಲ್ಕನಿಗೆ ಬಲೆ ಬಿಗಿಸಿಕೊಂಡವರು ಬಿಗಿಸಿಕೊಂಡರು. ಉಳಿದವರು ಕಿಟಕಿಯ ಗ್ರಿಲ್ಲಿಗೆ ಹಳೆಯ ಸಿಡಿಗಳನ್ನು ದಾರದಲ್ಲಿ ಪೋಣಿಸಿ ತೂಗುಬಿಟ್ಟಿದ್ದಾರೆ. ಗಾಳಿಗೆ ತಿರುಗುತ್ತ ಬಿಸಿಲಿಗೆ ಮಿಂಚುವ ಬಿಲ್ಲೆಗಳನ್ನು ಕಂಡರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಕಳೆದ ಚಳಿಗಾಲದಲ್ಲಿ ಮೇಲಿನ ಮಹಡಿಯ ಮಾವನನ್ನು ನೋಡಲು ಹೋದಾಗ ಅವರ ಗ್ರಿಲ್ಲಿನ ಸಿಡಿಯ ಮೇಲೆ ಕನ್ನಡ ಅಕ್ಷರ ಕಂಡಿತು. ಹತ್ತಿರ ಹೋಗಿ ಓದಿದೆ. ‘ಕರ್ಣಪರ್ವ, ತಾಳಮದ್ದಲೆ, ಭಾಗ 1’. ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ಸಾಗುವ ಯಕ್ಷಗಾನದ ಸಿಡಿ.

ಮಾವ ಎಂದರೆ ರಕ್ತಸಂಬಂಧದ ಮಾವನಲ್ಲ. ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ಮಗ ನವಿಮುಂಬಯಿಯಲ್ಲಿ ಮನೆ ಮಾಡಿದ ಮೇಲೆ ಇಲ್ಲಿಗೆ ಬಂದವರು. ಆ ಸಿಡಿಯ ಬಗ್ಗೆ ಕೇಳಿದ್ದಕ್ಕೆ, “ದೀಪಾವಳಿಗೆ ಮನೆ ಗುಡಿಸುವಾಗ ಮಗ ಕಟ್ಟಿದ್ದು. ಪ್ಲೇಯರ್ ಕೆಟ್ಟು ಆರೇಳು ವರ್ಷ ಆಯ್ತಲ್ಲ ಮಾರಾಯ, ಇಟ್ಕೊಂಡು ಏನು ಮಾಡುದು?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ಭಾಗ 2 ಇತ್ತು. ಭಾಗ 3 ಇರಲಿಲ್ಲ. ಯಕ್ಷಗಾನದ ಹತ್ತಾರು ವಿಸಿಡಿಗಳು, ಭೀಮಸೇನ ಜೋಶಿಯವರ ‘ದಾಸವಾಣಿ’, ಕೆಳಗಡೆ ಬಿಳಿ ಕಾಗದದ ಲಕೋಟೆಯಲ್ಲಿ ಮಾರ್ಕರ್ ಪೆನ್ನಿನಿಂದ ‘ಭಜನೆ’ ಎಂದಷ್ಟೇ ಬರೆದಿದ್ದ ಇನ್ನೊಂದು ಸಿಡಿ. ತೀರಿಹೋದ ಅವರ ಹೆಂಡತಿ ಭಜನೆ ಮಂಡಳಿಯಲ್ಲಿ ಹಾಡುತ್ತಿದ್ದರು. ಯಾರೋ ಟೇಪಿನಲ್ಲಿ ಹಿಡಿದಿದ್ದ ಆ ಹಾಡುಗಳನ್ನು ಮಾವ ಅಂಗಡಿಯೊಂದರಲ್ಲಿ ಸಿಡಿಗೆ ಹಾಕಿಸಿದ್ದರು. ಸಿಡಿ ಬಂತಲ್ಲ ಎಂದು ಕ್ಯಾಸೆಟ್ಟನ್ನು ರದ್ದಿಯವನಿಗೆ ಕೊಟ್ಟುಬಿಟ್ಟಿದ್ದರು.

ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. 2008ರಲ್ಲಿ ಆಪಲ್ ತನ್ನ ತೆಳ್ಳನೆಯ ಮ್ಯಾಕ್‌ಬುಕ್ ಏರ್ ಅನ್ನು ಸಿಡಿ ಡ್ರೈವ್ ಇಲ್ಲದೆಯೇ ಬಿಟ್ಟಾಗ ಅದೊಂದು ಶೋಕಿ ಎನಿಸಿತ್ತು. ಮುಂದೆ ಒಂದೊಂದಾಗಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ತಂದೆ. ಮಾವ ಕನ್ನಡಕ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕುಳಿತರು.

ಆ ಸಂಜೆ ನಡೆದದ್ದು ನನ್ನ ಎಣಿಕೆಗೆ ಪೂರ್ತಿ ತಿರುಗುಮುರುಗು. ತಿಂಗಳುಗಟ್ಟಲೆ ಬಿಸಿಲಿನಲ್ಲಿ ತೂಗಿ ಗೀರುಬಿದ್ದಿದ್ದ ಕರ್ಣಪರ್ವದ ಮೊದಲ ಭಾಗ ಮೂರ್ನಾಲ್ಕು ಕಡೆ ಮುಗ್ಗರಿಸಿತಷ್ಟೆ, ಚಂಡೆ ಮದ್ದಲೆಯ ಜೊತೆ ಸಲೀಸಾಗಿ ಓಡಿತು. ಕತ್ತಲ ಡಬ್ಬಿಯಲ್ಲಿ ಜೋಪಾನವಾಗಿದ್ದ ಭಜನೆಯ ಸಿಡಿ ಬಾಯಿ ಬಿಡಲಿಲ್ಲ. ಡ್ರೈವ್ ಗುಂಯ್ ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ಮೇಲೆ ಏನೂ ಮೂಡಲಿಲ್ಲ.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಸಿಡಿ ಎಂದರೇನೆಂದು ನೋಡಬೇಕು. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ ಈ ಬಿಲ್ಲೆ 120 ಮಿಲಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. 1982ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾನೋವರ್ ಬಳಿಯ ಕಾರ್ಖಾನೆಯಲ್ಲಿ ಮೊದಲ ಸಿಡಿಗಳು ಅಚ್ಚಾದವು, ಅಕ್ಟೋಬರ್ 1ರಂದು ಜಪಾನಿನಲ್ಲಿ ಅದನ್ನು ನುಡಿಸುವ ಯಂತ್ರ ಮಾರಾಟಕ್ಕೆ ಬಂತು. ಒಂದೊಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು, ಆ ಅಳತೆಗಳನ್ನು ಕಣ್ಣಿಗೆ ಕಾಣದ ಗುಳಿಗಳಾಗಿ ಪ್ಲಾಸ್ಟಿಕ್ಕಿನಲ್ಲಿ ಒತ್ತುತ್ತಾರೆ. ಅದರ ಮೇಲೆ ಬೆಳಕು ಮರಳಿ ಬರಲೆಂದು ತೆಳುವಾದ ಅಲ್ಯೂಮಿನಿಯಂ ಪದರ, ಆಮೇಲೆ ಅರಗಿನಂಥ ಲೇಪ, ಅದರ ಮೇಲೆ ಹೆಸರು ಚಿತ್ರ. ಗುಳಿಗಳ ಸಾಲು ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುತ್ತದೆ. ಬಿಚ್ಚಿ ಎಳೆದರೆ ಆ ಸುರುಳಿ ಐದು ಕಿಲೋಮೀಟರಿಗೂ ಮೀರುತ್ತದೆ. ಹೆಚ್ಚುಕಡಿಮೆ ನಮ್ಮ ಘಣಸೋಲಿ ಸ್ಟೇಷನ್ನಿನಿಂದ ರಬಾಳೆ ದಾಟಿ ಐರೋಲಿಗೆ ಹೋಗಿ ಮುಟ್ಟುವಷ್ಟು ದೂರ. ಅಷ್ಟನ್ನೂ ಒಂದು ಲೇಸರ್ ಕಿರಣ 74 ನಿಮಿಷಗಳಲ್ಲಿ ಓದಿ ಮುಗಿಸುತ್ತದೆ, ಪ್ಲೇಟಿನಂತೆ ಸೂಜಿ ತಾಗಿಸದೆ, ಟೇಪಿನಂತೆ ಹೆಡ್ಡಿಗೆ ಉಜ್ಜದೆ.

ಗೀರನ್ನು ಅದು ನುಂಗಿಕೊಳ್ಳುವ ಬಗೆ ಇನ್ನೂ ಸೊಗಸು. ಒಂದು ಕ್ಷಣದ ಧ್ವನಿಯ ಅಂಕಿಗಳನ್ನು ಒಂದೇ ಕಡೆ ಬರೆಯುವುದಿಲ್ಲ. ಸುರುಳಿಯ ಸಾಲಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹರಡಿ, ತಪ್ಪಿದ್ದನ್ನು ಲೆಕ್ಕಹಾಕಿ ಹುಡುಕಬಲ್ಲ ಹೆಚ್ಚುವರಿ ಅಂಕಿಗಳನ್ನೂ ಜೊತೆಗಿಡುತ್ತಾರೆ. ಒಂದು ಪತ್ರದ ಪದಗಳನ್ನು ಹತ್ತು ಹಾಳೆಗಳಲ್ಲಿ ಹಂಚಿ ಬರೆದಂತೆ. ಒಂದು ಹಾಳೆ ಹರಿದರೂ ಪ್ರತಿ ವಾಕ್ಯಕ್ಕೆ ಒಂದು ಪದವಷ್ಟೇ ನಷ್ಟ, ಉಳಿದ ಪದಗಳಿಂದ ಅದನ್ನು ಊಹಿಸಬಹುದು. ಹೀಗಾಗಿ ಸುರುಳಿಯ ಸಾಲಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಅಳಿಸಿಹೋದರೂ ಯಂತ್ರ ಅದನ್ನು ಪೂರ್ತಿ ಸರಿಪಡಿಸಿಕೊಳ್ಳಬಲ್ಲದು. ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು ಎನ್ನುವುದು ಇದಕ್ಕೇ. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಚೂರು ಚೂರು ಅಳಿಸುತ್ತದೆ, ಸಾಲಿನ ಜೊತೆಗೇ ಹೋಗುವ ಗೀರು ಒಂದೇ ಕಡೆ ಉದ್ದಕ್ಕೆ ಅಳಿಸಿಬಿಡುತ್ತದೆ. ಹೊಳೆಯುವ ಮಗ್ಗುಲನ್ನು ಕಾಪಾಡಿ ಹೆಸರಿರುವ ಮಗ್ಗುಲನ್ನು ಮೇಜಿಗೆ ಉಜ್ಜುವವರು ಬಹಳ ಮಂದಿ. ಅಸಲಿಗೆ ಧ್ವನಿ ಇರುವುದು ಹೆಸರಿನ ಕೆಳಗೇ, ಅದರ ಕಾವಲಿಗೆ ಇರುವುದು ಆ ತೆಳು ಲೇಪ ಮಾತ್ರ.

ಕರ್ಣಪರ್ವದ್ದು ಹೀಗೆ ಅಚ್ಚೊತ್ತಿದ ಸಿಡಿ. ಭಜನೆಯದ್ದು ಅಂಗಡಿಯಲ್ಲಿ ಬರೆಸಿದ್ದು. ಬರೆಯುವ ಸಿಡಿಯಲ್ಲಿ ಗುಳಿಗಳೇ ಇರುವುದಿಲ್ಲ. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ಬಣ್ಣದ ರಾಸಾಯನಿಕವೊಂದು ಇರುತ್ತದೆ, ಲೇಸರಿನ ಕಾವಿಗೆ ಅದು ಅಲ್ಲಲ್ಲಿ ಮಾರ್ಪಟ್ಟು ಗುಳಿಯ ವೇಷ ಹಾಕುತ್ತದೆ. ಬೆಳಕು, ಸೆಕೆ, ತೇವ ಮೂರೂ ಆ ಬಣ್ಣದ ಶತ್ರುಗಳು. ಮಾರ್ಕರಿನ ಶಾಯಿಯೂ ಲೇಪದ ಮೂಲಕ ನಿಧಾನವಾಗಿ ಇಳಿದು ಹಾಳುಮಾಡಬಲ್ಲದು. ಅಗ್ಗದ ಸಿಡಿಯಾದರೆ ಹತ್ತು ವರ್ಷ ಬಾಳಿದ್ದೇ ಪುಣ್ಯ. ಠಾಣೆ ಖಾರಿಯ ಪಕ್ಕದಲ್ಲಿರುವ ನಮ್ಮ ಊರಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿಡಿಯೊಂದರಲ್ಲಿ ಶಿಲೀಂಧ್ರ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮನ್ನೂ ತಿಂದುಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು ಕಂಡಿದ್ದರು. ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನಮ್ಮ ಕಡೆಯ ಸಂಗೀತಕ್ಕೆ ಸಿಡಿ ಕೊಟ್ಟ ದೊಡ್ಡ ಕೊಡುಗೆ ಶುದ್ಧ ಧ್ವನಿಗಿಂತಲೂ ಉದ್ದನೆಯ ಉಸಿರು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಒಂದು ರಾಗಕ್ಕೆ ಸಿಕ್ಕ ಅವಕಾಶ ಸುಮಾರು ಮೂರು ನಿಮಿಷ. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮುಂಬಯಿಗೆ ಬಂದು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಪ್ಲೇಟುಗಳಿಗೆ ಹಾಡಿದಾಗಲೂ ಅದೇ ಮೂರು ನಿಮಿಷದ ಇಕ್ಕಟ್ಟು. ಎಲ್‌ಪಿ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು, ಕ್ಯಾಸೆಟ್ಟಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ವಾದ ಹೂಡಿ, ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ಟಿನ ಬದಿ ಮುಗಿದು ಟಕ್ ಎಂದು ಗುಂಡಿ ಮೇಲೇಳುತ್ತಿದ್ದುದನ್ನು ಕೇಳುಗರು ಮರೆತಿರಲಾರರು. ಸಿಡಿ 74 ನಿಮಿಷ ನಡುವೆ ಕಡಿಯದೆ ಕೊಟ್ಟಿತು. ಮೂರು ಸಿಡಿ ಸೇರಿದರೆ ಮೂರೂವರೆ ಗಂಟೆಗೂ ಮೀರಿತು.

ಕ್ಯಾಸೆಟ್ಟಿನ ಋಣವನ್ನು ಮಾತ್ರ ಅಲ್ಲಗಳೆಯಲಾಗದು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ, ಮೈಸೂರು ಅನಂತಸ್ವಾಮಿಯವರ ಸಂಗೀತದ ನಿಸಾರ್ ಅಹಮದರ ‘ನಿತ್ಯೋತ್ಸವ’, 1978ರಲ್ಲಿ ಬಂತು. ಪುಸ್ತಕದ ಅಂಗಡಿ ಕಾಣದ ಮನೆಗಳಿಗೂ ಕವಿಗಳು ಹೊಕ್ಕರು. 1987ರ ‘ಪ್ರೇಮಲೋಕ’ದ ಹಾಡುಗಳು ಲಹರಿ ಕಂಪನಿಯ ಹೆಸರನ್ನು ಹಳ್ಳಿಹಳ್ಳಿಗೆ ತಲುಪಿಸಿದವು. ಯಕ್ಷಗಾನದ ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು ಮೂವತ್ತರ ಆಸುಪಾಸಿನಲ್ಲೇ, 1990ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಆಟವನ್ನು ಎದುರು ಕುಳಿತು ನೋಡದ ಎರಡು ತಲೆಮಾರು ಇಂದಿಗೂ ಅವರ ಕಂಠವನ್ನು ಗುರುತಿಸುತ್ತವೆ. ಕ್ಯಾಸೆಟ್ಟು ಇಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ. ಮುಂಬಯಿಯ ಹೋಟೆಲು ಕೆಲಸಗಾರರು ರಾತ್ರಿ ಪಾತ್ರೆಯೆಲ್ಲ ತೊಳೆದಾದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವಾಗ ಒಂದು ಟೇಪ್ ರೆಕಾರ್ಡರ್ ಸುತ್ತ ಏಳೆಂಟು ಜನ. “ನಿದ್ದೆ ಹೋದವನು ಹೋದ. ಎಚ್ಚರ ಇದ್ದವನು ಬದಿ ತಿರುಗಿಸಬೇಕು, ಅದು ಕಾನೂನು” ಎಂದು ಮಾವ ನೆನೆಯುತ್ತಾರೆ.

ಆ ಜಾಗಕ್ಕೆ ಸಿಡಿ ಬಂದದ್ದು ತಡವಾಗಿ. ಕ್ಯಾಸೆಟ್ಟಿನ ಮೂರ್ನಾಲ್ಕು ಪಟ್ಟು ಬೆಲೆ, ಪ್ಲೇಯರ್ ಬೇರೆ ಕೊಳ್ಳಬೇಕು. ಅದನ್ನು ನಮ್ಮವರ ಮನೆಗೆ ತಂದದ್ದು ಹಾಡಿಗಿಂತ ಹೆಚ್ಚಾಗಿ ವಿಸಿಡಿ. 1993ರಲ್ಲಿ ರೂಪುಗೊಂಡ ಈ ಬಗೆ ಅದೇ ಅಳತೆಯ ಬಿಲ್ಲೆಯಲ್ಲಿ ಒಂದು ಗಂಟೆಯ ಮೇಲೆ ಚಿತ್ರವನ್ನೂ ಹಿಡಿಸುತ್ತಿತ್ತು. ಚಿತ್ರ ಮಸುಕು, ಆದರೂ ಇಡೀ ರಾತ್ರಿಯ ಆಟವನ್ನು ಆಯ್ದು ಎರಡು ಮೂರು ಬಿಲ್ಲೆಗಳಲ್ಲಿ ಮನೆಗೆ ತರಬಹುದಿತ್ತು. ಮುಂಬಯಿಯಿಂದ ಉಡುಪಿ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳು ಪನವೇಲ್ ದಾಟುತ್ತಿದ್ದಂತೆ ಕ್ಲೀನರ್ ಹುಡುಗ ಡ್ರೈವರನ ಹಿಂದಿನ ಪೆಟ್ಟಿಗೆ ತೆರೆದು ವಿಸಿಡಿ ತುರುಕುತ್ತಿದ್ದ. ಘಟ್ಟದ ತಿರುವುಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು, ಬಸ್ಸಿಗೆ ಬಸ್ಸೇ ಅಯ್ಯೋ ಎನ್ನುತ್ತಿತ್ತು. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಗಳನ್ನು 28 ರೂಪಾಯಿಗೆ ಮಾರತೊಡಗಿದಾಗ ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ಅವು ಕುಳಿತವು. ಅದೇ ಕಂಪನಿಯನ್ನು 2018ರಲ್ಲಿ ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಹನ್ನೊಂದೇ ವರ್ಷ.

ಆ ಕಾಲದಲ್ಲಿ ಮುಂಬಯಿ, ಠಾಣೆ, ಡೊಂಬಿವಲಿ, ವಾಶಿಯ ಕನ್ನಡ ತುಳು ಸಂಘಗಳಲ್ಲಿ ಒಂದು ಹೊಸ ಸಂಪ್ರದಾಯ ಹುಟ್ಟಿಕೊಂಡಿತು. ವಾರ್ಷಿಕೋತ್ಸವದಲ್ಲೋ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲೋ ಭಕ್ತಿಗೀತೆಗಳ ಸಿಡಿ ಬಿಡುಗಡೆ. ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಸಿಡಿಗಳು ಹರಿವಾಣದಲ್ಲಿ ಬರುತ್ತಿದ್ದವು. ಗಣ್ಯರು ಬಿಚ್ಚಿ ಎದೆಯೆತ್ತರಕ್ಕೆ ಹಿಡಿದು ನಿಲ್ಲುತ್ತಿದ್ದರು, ಮರುದಿನ ಮುಂಬಯಿಯ ಕನ್ನಡ ಪತ್ರಿಕೆಯಲ್ಲಿ ಆ ಫೋಟೊ. ಐನೂರೋ ಸಾವಿರವೋ ಪ್ರತಿ ಮಾಡಿಸುತ್ತಿದ್ದರು. ಹಗಲು ಬ್ಯಾಂಕಿನಲ್ಲಿ ದುಡಿದು ಸಂಜೆ ಹಾರ್ಮೋನಿಯಂ ಹಿಡಿಯುವವರು ರಾಗ ಹಾಕಿದ ಹಾಡು, ಶಾಲೆಯ ಟೀಚರು ಬರೆದ ಸಾಲು, ಭಜನೆ ಮಂಡಳಿಯ ಹೆಂಗಸರ ಕೋರಸ್ಸು. ಅಂಗಡಿಗೆ ಹೋಗದೆ ಕೈಯಿಂದ ಕೈಗೆ ಹೋದ ಈ ಸಿಡಿಗಳೇ ನನ್ನ ಲೇಖನದ ನಿಜವಾದ ಕಾಳಜಿ. ಸಿನಿಮಾ ಹಾಡಿಗೆ ಕಂಪನಿಯಿದೆ, ಮೂಲ ಧ್ವನಿಮುದ್ರಿಕೆ ಅದರ ಕಪಾಟಿನಲ್ಲಿದೆ. ಇವಕ್ಕೆ ನಮ್ಮ ಮನೆಗಳ ಡಬ್ಬಿಯಲ್ಲದೆ ಬೇರೆ ಕಪಾಟಿಲ್ಲ.

ಸಿಡಿಯ ಇಳಿಗಾಲ ಸಿಡಿಯಿಂದಲೇ ಶುರುವಾಯಿತು. ಅಂಕಿಗಳಾದ ಧ್ವನಿಯನ್ನು ಸೋರದಂತೆ ನಕಲು ಮಾಡಬಹುದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಕಿವಿ ಗಮನಿಸದ ಭಾಗಗಳನ್ನು ಬಿಟ್ಟು ಧ್ವನಿಯನ್ನು ಸುಮಾರು ಹನ್ನೊಂದನೇ ಒಂದು ಪಾಲಿಗೆ ಇಳಿಸಿದರು. 1995ರಲ್ಲಿ ಅದಕ್ಕೆ ಎಂಪಿ3 ಎಂಬ ಹೆಸರು ಅಂಟಿತು. ಒಂದೇ ಸಿಡಿಯಲ್ಲಿ ಹನ್ನೆರಡು ಗಂಟೆಯ ಹಾಡು ಹಿಡಿಯತೊಡಗಿತು. ಫುಟ್‌ಪಾತಿನಲ್ಲಿ ‘ನೂರೈವತ್ತು ಹಾಡು’ ಎಂದು ಮುಖಪುಟದ ಮೇಲೆ ಬರೆದ ಸಿಡಿ ಬಂದ ದಿನವೇ ಹತ್ತು ಹಾಡಿನ ಸಿಡಿಯ ಬೆಲೆ ಬಿದ್ದುಹೋಗಿತ್ತು. ಅದರ ಹಿಂದೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್. ಮೊಬೈಲ್ ರಿಪೇರಿ ಅಂಗಡಿಯವನು ಇಪ್ಪತ್ತು ಮೂವತ್ತು ರೂಪಾಯಿಗೆ ಕಾರ್ಡಿನ ತುಂಬ ಹಾಡು ಹಾಕಿಕೊಡುತ್ತಿದ್ದ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ 94 ಕೋಟಿ ಸಿಡಿಗಳು ಮಾರಾಟಕ್ಕೆ ಹೋಗಿದ್ದವು. 2022ರಲ್ಲಿ ಅಲ್ಲಿ ಎಲ್‌ಪಿ ಪ್ಲೇಟುಗಳು 4.1 ಕೋಟಿ, ಸಿಡಿಗಳು 3.3 ಕೋಟಿ. ಮೊಮ್ಮಗನಂತಿದ್ದ ಸಿಡಿಗಿಂತ ಅಜ್ಜನಂತಿದ್ದ ಪ್ಲೇಟೇ ಹೆಚ್ಚು ಮಾರಾಟವಾದದ್ದು 1987ರ ನಂತರ ಅದೇ ಮೊದಲು.

ಮುಂಬಯಿಯ ಕಾಲಾಘೋಡಾದ ರಿದಮ್ ಹೌಸ್ 2016ರ ಆರಂಭದಲ್ಲಿ ಬಾಗಿಲು ಹಾಕಿತು. 1940ರ ದಶಕದಿಂದ ಅಲ್ಲಿದ್ದ ಅಂಗಡಿ. ಫೋರ್ಟಿನಲ್ಲಿ ಕೆಲಸ ಮುಗಿಸಿ ಅಲ್ಲಿಗೆ ಹೋಗಿ, ಕೊಳ್ಳದಿದ್ದರೂ ಗಂಟೆಗಟ್ಟಲೆ ನಿಂತು ಕೇಳಿದವರಲ್ಲಿ ನಾನೂ ಒಬ್ಬ. ಮಲ್ಲಿಕಾರ್ಜುನ ಮನ್ಸೂರರ ಒಂದು ಸಿಡಿಯನ್ನು ಮೂರು ತಿಂಗಳ ಸಂಬಳದಲ್ಲಿ ಸ್ವಲ್ಪಸ್ವಲ್ಪ ಉಳಿಸಿ ಕೊಂಡಿದ್ದೆ. ಅದೇ 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಅದು ನಡೆಯುವ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್ ಇರುವುದು ಇಲ್ಲೇ, ಠಾಣೆ ಬೇಲಾಪುರ ರಸ್ತೆಯ ಪಕ್ಕ, ನಮ್ಮ ಘಣಸೋಲಿಯಲ್ಲಿ. ಬೆಳಿಗ್ಗೆ ಟ್ರಾನ್ಸ್ ಹಾರ್ಬರ್ ಲೈನಿನ ಗಾಡಿಗಳಿಂದ ಸಾವಿರಾರು ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಹಾಕಿ ಆ ಕಡೆ ಹೋಗುತ್ತಾರೆ. ಅಲ್ಲಿಯವರೆಗೆ ಒಂದು ಜಿಬಿಗೆ ಇನ್ನೂರು ರೂಪಾಯಿಗೂ ಮೇಲೆ ತೆರುತ್ತಿದ್ದೆವು. ಜಿಯೋ ಮುಂದಿನ ಮಾರ್ಚಿನವರೆಗೆ ಪುಕ್ಕಟೆ ಕೊಟ್ಟಿತು. 170 ದಿನಗಳಲ್ಲಿ 10 ಕೋಟಿ ಗ್ರಾಹಕರು. 2018ರಲ್ಲಿ ಅದರ ಸಂಗೀತದ ಆ್ಯಪ್ ಸಾವನ್ ಜೊತೆ ಸೇರಿ ಜಿಯೋಸಾವನ್ ಆಯಿತು, 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಹಾಡು ಬಿಲ್ಲೆ ಬಿಟ್ಟು ಗಾಳಿಗೆ ಏರಿದ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ ನಡೆಯಿತು.

ಇದನ್ನು ನಾನು ದೂರುವುದಿಲ್ಲ. ಇಲ್ಲಿನ ಸಿಂಪ್ಲೆಕ್ಸ್ ವಸತಿಯಲ್ಲಿ ಹೊರೆ ಹೊರುವ ಮಾಥಾಡಿ ಕಾರ್ಮಿಕರ ಮನೆಗಳಿರುವ ಕಡೆ ಸಂಜೆ ನಡೆದುಹೋದರೆ ಒಂದು ಬಾಗಿಲಿನಿಂದ ಅಭಂಗ, ಇನ್ನೊಂದರಿಂದ ಲಾವಣಿ ಕೇಳುತ್ತದೆ. ನಮ್ಮ ಕಟ್ಟಡದ ಕಾವಲುಗಾರ ಭೋಜಪುರಿ ಬಿರಹಾ ಕೇಳುತ್ತಾನೆ. ಅವನ ಜಿಲ್ಲೆಯ ಹಾಡು ಹಿಂದೆ ರಿದಮ್ ಹೌಸಿನಲ್ಲಿ ಸಿಗುತ್ತಿತ್ತೇ? ಆ ಅಂಗಡಿಯ ಗಾಜಿನ ಬಾಗಿಲನ್ನು ಅವನು ತಳ್ಳುತ್ತಿದ್ದನೇ? ಸಿಡಿ ಉಳ್ಳವರ ಸೊತ್ತಾಗಿತ್ತು, ಫೋನು ಎಲ್ಲರ ಕಿಸೆಯಲ್ಲಿದೆ. ಯಕ್ಷಗಾನಕ್ಕಂತೂ ಯೂಟ್ಯೂಬು ಸುಗ್ಗಿಯನ್ನೇ ತಂದಿದೆ. ಕಳೆದ ವಾರ ಊರಿನ ಬಯಲಲ್ಲಿ ಆದ ಆಟವನ್ನು ಇಲ್ಲಿ ಕುಳಿತು ನೋಡಬಹುದು, ಮಳೆ ಬಂದು ಆಟ ನಿಂತದ್ದನ್ನೂ ನೋಡಬಹುದು.

ಹೀಗಿದ್ದೂ ನಾವು ಬಿಟ್ಟುಕೊಟ್ಟದ್ದೇನೆಂದು ಕೇಳಿಕೊಳ್ಳಬೇಕು. ಸಿಡಿ ಕೊಂಡವನು ಅದನ್ನು ಎರವಲು ಕೊಡಬಲ್ಲ, ಮಗಳಿಗೆ ಬಿಟ್ಟುಹೋಗಬಲ್ಲ. ಮಾವನ ‘ದಾಸವಾಣಿ’ ನಾಲ್ಕು ವರ್ಷ ಎದುರುಮನೆಯ ಮರಾಠಿ ಕುಟುಂಬದಲ್ಲಿತ್ತು, ಅವರ ‘ಅಭಂಗವಾಣಿ’ ಇವರ ಮನೆಯಲ್ಲಿತ್ತು. ಹಾಡಿದವರು ಒಬ್ಬರೇ, ಗದಗಿನ ಕಡೆ ಹುಟ್ಟಿ ಪುಣೆಯಲ್ಲಿ ಬಾಳಿದವರು. ಈ ಎರಡು ಸಿಡಿಗಳ ನೆಪದಲ್ಲಿ ಪುರಂದರದಾಸರಿಗೂ ತುಕಾರಾಮರಿಗೂ ನಮ್ಮ ಪಡಸಾಲೆಯಲ್ಲಿ ಪರಿಚಯವಾಯಿತು. ಆ್ಯಪಿನ ಹಾಡಿಗೆ ನಾವು ಬಾಡಿಗೆದಾರರು. ತಿಂಗಳ ಹಣ ನಿಂತರೆ ಇಳಿಸಿಟ್ಟುಕೊಂಡ ಹಾಡೂ ಬಾಯಿ ಮುಚ್ಚುತ್ತದೆ. 2024ರ ಜನವರಿ ಕೊನೆಗೆ ರೆಸ್ಸೊ ಎಂಬ ಹಾಡಿನ ಆ್ಯಪ್ ಭಾರತದಲ್ಲಿ ನಿಂತಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ಅದರಲ್ಲಿ ವರ್ಷಗಟ್ಟಲೆ ಹಾಡು ಆರಿಸಿ ಪಟ್ಟಿ ಮಾಡಿಟ್ಟವರ ಶ್ರಮಕ್ಕೆ ವಾರಸುದಾರರಿಲ್ಲ.

ಇನ್ನೊಂದು ನಷ್ಟ ಹೆಸರಿನದ್ದು. ಸಿಡಿಯ ಡಬ್ಬಿಯೊಳಗೆ ಮಡಚಿದ ಕಾಗದವೊಂದು ಇರುತ್ತಿತ್ತು. ಕವಿ ಯಾರು, ರಾಗ ಸಂಯೋಜನೆ ಯಾರದು, ತಬಲಾ, ಕೊಳಲು, ಎಲ್ಲಿ ಮುದ್ರಣ, ಯಾವ ಇಸವಿ. ಭಾವಗೀತೆ ಎಂಬ ಪ್ರಕಾರವೇ ಕವಿಯಿಂದ ಶುರುವಾಗುವಂಥದ್ದು. ಆ್ಯಪಿನಲ್ಲಿ ಅನೇಕ ಕಡೆ ಗಾಯಕರ ಹೆಸರಷ್ಟೇ ಮೇಲೆ ಕಾಣುತ್ತದೆ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್. ಕವಿಯನ್ನು ಹುಡುಕಿ ಹೋಗುವವನಿಗೆ ದಾರಿಯಿಲ್ಲ. ತಾಳಮದ್ದಲೆಗೆ ಇದು ಇನ್ನೂ ದೊಡ್ಡ ಪೆಟ್ಟು. ಕರ್ಣನ ಅರ್ಥ ಯಾರದು, ಶಲ್ಯ ಯಾರು, ಮದ್ದಲೆ ಯಾರ ಕೈಯಲ್ಲಿ ಎಂದು ತಿಳಿಯದೆ ಕೇಳಿದರೆ ಅರ್ಧವೇ ಕೇಳಿದಂತೆ.

ದುಡ್ಡಿನ ಲೆಕ್ಕವೂ ಸಣ್ಣವರ ಪರವಾಗಿಲ್ಲ. ಜಗತ್ತಿನ ಸಂಗೀತೋದ್ಯಮದ ಆದಾಯದಲ್ಲಿ ಸುಮಾರು ಮೂರನೇ ಎರಡು ಪಾಲು ಈಗ ಸ್ಟ್ರೀಮಿಂಗಿನದು. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಲ್ಪಡದಿದ್ದರೆ ಅದಕ್ಕೆ ಕಾಸೂ ಇಲ್ಲ. ಭಜನೆ ಮಂಡಳಿಯ ಹಾಡನ್ನು ಕೇಳುವವರು ಇನ್ನೂರು ಜನ ಇರಬಹುದು. ಆ ಇನ್ನೂರು ಜನ ಸಿಡಿಗೆ ತಲಾ ನೂರು ರೂಪಾಯಿ ಕೊಟ್ಟರೆ ಇಪ್ಪತ್ತು ಸಾವಿರವಾಗುತ್ತಿತ್ತು, ಸ್ಟುಡಿಯೊ ಬಾಡಿಗೆಯ ಒಂದು ಭಾಗವಾದರೂ ಕೈಗೆ ಬರುತ್ತಿತ್ತು. ಈಗ ಸಂಘದ ಸಮಾರಂಭಗಳಲ್ಲಿ ಲೋಕಾರ್ಪಣೆ ಎಂದರೆ ಮುಖ್ಯ ಅತಿಥಿ ಲ್ಯಾಪ್‌ಟಾಪಿನ ಗುಂಡಿಯೊಂದನ್ನು ಒತ್ತುವುದು. ಚಪ್ಪಾಳೆ ಮೊದಲಿನಷ್ಟೇ ಜೋರಾಗಿದೆ. ಮನೆಗೆ ಒಯ್ಯಲು ಮಾತ್ರ ಕೈಯಲ್ಲೇನೂ ಇರುವುದಿಲ್ಲ.

ಡಬ್ಬಿಯಲ್ಲಿರುವುದನ್ನು ಉಳಿಸಲು ದೊಡ್ಡ ವಿದ್ಯೆ ಬೇಡ, ತಡಮಾಡದಿದ್ದರೆ ಸಾಕು. ನಾನು ಮೊದಲು ಮಾಡಿದ ತಪ್ಪು ಎಂಪಿ3ಗೆ ಇಳಿಸಿದ್ದು. ಒಮ್ಮೆ ಬಿಟ್ಟ ಧ್ವನಿ ಮತ್ತೆ ಬಾರದು. ಈಗ ಏನನ್ನೂ ಬಿಡದೆ ಮಡಚಿಡುವ ಫ್ಲಾಕ್ ಎಂಬ ಬಗೆಯಲ್ಲಿ ಇಳಿಸುತ್ತೇನೆ. ಅದಕ್ಕೆ ಹಣ ಕೊಡಬೇಕಿಲ್ಲ, ಜಾಗವೂ ಸಿಡಿಯ ಅರ್ಧದಷ್ಟೇ. ಡ್ರೈವನ್ನು ತೀರ ನಿಧಾನದ ವೇಗಕ್ಕೆ ಇಟ್ಟರೆ ಹಾಳಾದ ಬಿಲ್ಲೆಯೂ ಒಂದಿಷ್ಟು ಕೊಡುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಒಳಗಿನ ಕಾಗದದ ಎರಡೂ ಬದಿಯ ಫೋಟೊ, ಹಾಡಿದವರನ್ನು ಬಲ್ಲವರು ಬದುಕಿರುವಾಗಲೇ ಅವರಿಂದ ಕೇಳಿ ಬರೆದ ಹೆಸರುಗಳು, ಎರಡು ಬೇರೆ ಬೇರೆ ಮನೆಗಳಲ್ಲಿ ಎರಡು ಹಾರ್ಡ್ ಡಿಸ್ಕು. ಸ್ವಂತ ಬಳಕೆಗೆ ಇಷ್ಟಕ್ಕೆ ಕಾನೂನಿನ ಅಡ್ಡಿಯಿಲ್ಲ. ಊರಿಗೆಲ್ಲ ಹಂಚುವುದಾದರೆ ಕಲಾವಿದರನ್ನೂ ಮುದ್ರಿಸಿದವರನ್ನೂ ಕೇಳಬೇಕು. ಧ್ವನಿಮುದ್ರಿಕೆಗೆ ನಮ್ಮಲ್ಲಿ 60 ವರ್ಷದ ಹಕ್ಕಿದೆ. ನಮ್ಮ ಸಂಘಗಳಲ್ಲಿ ಗ್ರಂಥಾಲಯಗಳಿವೆ, ಹಳೆಯ ಸ್ಮರಣ ಸಂಚಿಕೆಗಳನ್ನು ಕಪಾಟಿನಲ್ಲಿಟ್ಟು ಕಾಯುವ ಹಿರಿಯರಿದ್ದಾರೆ. ಅದೇ ಕಪಾಟಿನ ಒಂದು ಖಾನೆಯನ್ನು ಈ ಧ್ವನಿಗಳಿಗೆ ಕೊಡಿ ಎಂದು ಹೋದಲ್ಲೆಲ್ಲ ಬೇಡಿಕೊಳ್ಳುತ್ತಿದ್ದೇನೆ.

ಭಜನೆಯ ಸಿಡಿಯನ್ನು ನಾಲ್ಕು ರಾತ್ರಿ ಬಿಡದೆ ಓಡಿಸಿದೆ. ಗೆಳೆಯನೊಬ್ಬನ ಹಳೆಯ ಡೆಸ್ಕ್‌ಟಾಪಿನ ಡ್ರೈವ್ ಕೊನೆಗೂ ಕರುಣೆ ತೋರಿತು. ಹನ್ನೊಂದು ಹಾಡುಗಳಲ್ಲಿ ನಾಲ್ಕು ಸಿಕ್ಕವು. ಸುರುಳಿ ಒಳಗಿನಿಂದ ಶುರುವಾಗುವುದರಿಂದ ಸಿಕ್ಕದ್ದು ಮೊದಲಿನ ನಾಲ್ಕು, ಹೊರಅಂಚಿನವು ಅಳಿಸಿಹೋಗಿದ್ದವು. ಮೂರನೆಯ ಹಾಡಿನಲ್ಲಿ ತಾಳ ತಪ್ಪಿ ಹೆಂಗಸರೆಲ್ಲ ನಕ್ಕು ಮತ್ತೆ ಎತ್ತಿಕೊಳ್ಳುತ್ತಾರೆ. ಮಾವ ಆ ನಗುವನ್ನು ಹಿಂದಕ್ಕೆ ಹಾಕಿಸಿ ಹಾಕಿಸಿ ಕೇಳಿದರು. “ಮೊದಲು ನಕ್ಕದ್ದು ಅವಳೇ” ಎಂದರು.

ಕರ್ಣಪರ್ವದ ಎರಡನೇ ಭಾಗ ಶಲ್ಯ ರಥದಿಂದ ಇಳಿದುಹೋಗುವಲ್ಲಿಗೆ ನಿಲ್ಲುತ್ತದೆ. ಮೂರನೆಯದನ್ನು ಯಾರಿಗೆ ಕೊಟ್ಟದ್ದೆಂದು ಮಾವ ಬಹಳ ದಿನ ಯೋಚಿಸಿದರು. ಫೋರ್ಟಿನ ಹೋಟೆಲಿನಲ್ಲಿ ಜೊತೆಗೆ ದುಡಿಯುತ್ತಿದ್ದ, ಆಮೇಲೆ ಡೊಂಬಿವಲಿಗೆ ಹೋಗಿ ನೆಲೆಸಿದ ಗೆಳೆಯರೊಬ್ಬರ ನೆನಪಾಯಿತು. ಅವರು ಈಗಿಲ್ಲ. ಅವರ ಮಗಳು ಕಲ್ಯಾಣದಲ್ಲಿದ್ದಾರೆ. ನಂಬರು ಹುಡುಕಿ ನಾನು ಫೋನು ಮಾಡಿದಾಗ, “ಅಪ್ಪನ ಪೆಟ್ಟಿಗೆ ಒಂದು ಅಟ್ಟದ ಮೇಲಿದೆ ಅಣ್ಣ, ನಾವು ತೆರೆದೇ ಇಲ್ಲ. ಆದಿತ್ಯವಾರ ಬನ್ನಿ, ಇಳಿಸಿ ಇಟ್ಟಿರ್ತೇನೆ. ಅವರನ್ನೂ ಕರ್ಕೊಂಡು ಬನ್ನಿ, ಅಪ್ಪನ ಬಗ್ಗೆ ಹೇಳುವವರು ಯಾರೂ ಉಳಿದಿಲ್ಲ” ಎಂದರು. ಠಾಣೆಯಲ್ಲಿ ಗಾಡಿ ಬದಲಿಸಬೇಕು, ಮೆಟ್ಟಿಲು ಹತ್ತುವುದು ಮಾವನಿಗೆ ಕಷ್ಟ. ಬೆಳಿಗ್ಗೆ ಎಂಟರ ಗಾಡಿಗೆ ಹೊರಡುವುದೆಂದು ಅವರೇ ತೀರ್ಮಾನಿಸಿದ್ದಾರೆ. ಡ್ರೈವನ್ನೂ ಅದರ ತಂತಿಯನ್ನೂ ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.